ತಲಪಾಡಿ ದಾಟುವ ಮುನ್ನ ಮಕ್ಕಳದ್ದೂ ಬರೆದಿಡಿ

ಮಂಗಳೂರಿನಿಂದ ಪುತ್ತೂರಿಗಿಂತ ಮಂಜೇಶ್ವರ ಹತ್ತಿರ. ಉಳ್ಳಾಲ, ದೇರಳಕಟ್ಟೆಯವರು ಉಪ್ಪಳ, ಕುಂಬಳೆ ಕಡೆಯಿಂದ ಹೆಣ್ಣು ತರುವುದು, ಆ ಕಡೆಗೆ ಹೆಣ್ಣು ಕೊಡುವುದು ಅಜ್ಜಂದಿರ ಕಾಲದಿಂದಲೂ ಉಂಟು. ಮದುವೆಯ ದಿಬ್ಬಣ ತಲಪಾಡಿ ದಾಟುವಾಗ ಅದು ರಾಜ್ಯದ ಗಡಿ ಅಂತ ಯಾರಿಗೂ ಅನಿಸುವುದಿಲ್ಲ. ತಲಾಖೋ ಖುಲಾವೋ ಆಗಿ ಮಗಳು ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಟಾಗಲೇ ಗಡಿ ಕಣ್ಣಿಗೆ ಬೀಳುವುದು.

ಜಮಾಅತಿನಲ್ಲಿ ಕೂತು ಬರೆಯುವ ಒಪ್ಪಂದ ಪತ್ರಗಳನ್ನು ಒಮ್ಮೆ ನೋಡಿ. ಚಿನ್ನ ಎಷ್ಟು ಪವನ್, ಮಹರ್ ಬಾಕಿ ಎಷ್ಟು, ಇದ್ದತ್‌ನ ಖರ್ಚು ಎಷ್ಟು, ಎಲ್ಲ ಲೆಕ್ಕ ಇರುತ್ತದೆ. ಮಕ್ಕಳ ಬಗ್ಗೆ? ಹೆಚ್ಚೆಂದರೆ ‘ಮಕ್ಕಳು ತಾಯಿಯ ಜೊತೆ’ ಅಂತ ಒಂದೇ ಸಾಲು. ಯಾವ ಊರಲ್ಲಿ, ಯಾವ ಶಾಲೆ, ಪೆರ್ನಾಲ್ ದಿನ ಯಾರ ಮನೆ, ಒಂದಕ್ಷರವೂ ಇಲ್ಲ. ಆಮೇಲೆ ತಂದೆ, ‘ನನ್ನನ್ನು ಕೇಳದೆ ಕರ್ಕೊಂಡು ಹೋದ್ಲು’ ಅಂತಾನೆ. ತಾಯಿ, ‘ಬಾಡಿಗೆ ಯಾರು ಕೊಡ್ತಿದ್ರು?’ ಅಂತಾಳೆ. ಇಬ್ಬರ ಮಾತಿನಲ್ಲೂ ನ್ಯಾಯ ಉಂಟು.

ನಮ್ಮಲ್ಲಿ ಹೆಚ್ಚಿನವರು ಶಾಫಿಈಗಳು. ಈ ಮದ್‌ಹಬ್‌ನಲ್ಲಿ ತಿಳುವಳಿಕೆ ಬರುವವರೆಗೆ, ಅಂದರೆ ಸುಮಾರು 7 ವರ್ಷದವರೆಗೆ, ಮಗುವನ್ನು ಸಾಕುವ ಮೊದಲ ಹಕ್ಕು ತಾಯಿಗೆ. ಆಮೇಲೆ ಯಾರ ಜೊತೆ ಇರುತ್ತೀ ಅಂತ ಮಗುವನ್ನೇ ಕೇಳಬೇಕು. ಇಬ್ಬರಲ್ಲಿ ಒಬ್ಬರು ಖಾಯಂ ಆಗಿ ಬೇರೆ ಊರಿಗೆ ನೆಲೆ ಬದಲಿಸಿದರೆ ತಂದೆಗೆ ಆದ್ಯತೆ ಅಂತ ಫಿಕ್‌ಹ್ ಗ್ರಂಥಗಳಲ್ಲಿದೆ, ದಾರಿಯೂ ಊರೂ ಸುರಕ್ಷಿತ ಇರಬೇಕೆಂಬ ಷರತ್ತಿನ ಮೇಲೆ. ಈ ಮಸಲ ಕೆಲವು ಗಂಡಸರಿಗೆ ಬಾಯಿಪಾಠ. ಮಗು ಎಲ್ಲೇ ಇರಲಿ ಅದರ ಖರ್ಚು ತಂದೆಯ ಮೇಲೆ ಅನ್ನುವ ಮಸಲ ಮಾತ್ರ ಅದೇ ಬಾಯಿಗೆ ನೆನಪಾಗುವುದಿಲ್ಲ! ತಲಾಖ್ ಆದರೂ ಮಕ್ಕಳ ಜೀವನಾಂಶದ ಹಕ್ಕು ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1997ರ ನೂರ್ ಸಬಾ ಖಾತೂನ್ ಪ್ರಕರಣದಲ್ಲೇ ಹೇಳಿದೆ.

ವಿಷಯ ಕೋರ್ಟಿಗೆ ಹೋದರೆ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ ಬರುತ್ತದೆ. ಅದರ 17ನೇ ಸೆಕ್ಷನ್ ಪ್ರಕಾರ ನ್ಯಾಯಾಧೀಶರು ಮುಖ್ಯವಾಗಿ ನೋಡುವುದು ಮಗುವಿನ ಒಳಿತನ್ನು. ತಿಳಿಯುವ ಪ್ರಾಯದ ಮಗುವಾದರೆ ಅದರ ಇಷ್ಟವನ್ನೂ ಪರಿಗಣಿಸಬಹುದು. 9ನೇ ಸೆಕ್ಷನ್ ಪ್ರಕಾರ ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬೇಕು. ಹಾಗಾಗಿ ಮನೆ ಬದಲಿಸಿದ ಮೇಲೆ ಕೇಸು ಮಂಗಳೂರಿನಲ್ಲೋ ಕಾಸರಗೋಡಿನಲ್ಲೋ ಅನ್ನುವುದೇ ಮೊದಲ ಜಗಳ. ಅದು ಮುಗಿಯುವಾಗ ಮಗು ಒಂದು ಕ್ಲಾಸು ದಾಟಿರುತ್ತದೆ. ಕೋರ್ಟು ಒಬ್ಬರನ್ನು ಗಾರ್ಡಿಯನ್ ಅಂತ ನೇಮಿಸಿದ್ದರೆ, ಕೋರ್ಟಿನ ಅನುಮತಿ ಇಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಕರೆದೊಯ್ಯುವಂತಿಲ್ಲ. ಅದು 26ನೇ ಸೆಕ್ಷನ್.

ಸಣ್ಣದು ಅನಿಸುವ ವಿಷಯಗಳೇ ಆಮೇಲೆ ದೊಡ್ಡದಾಗುತ್ತವೆ. ಇಲ್ಲಿ ದಸರಾ ರಜೆ, ಅಲ್ಲಿ ಓಣಂ ರಜೆ. ‘ರಜೆಯಲ್ಲಿ ತಂದೆಯ ಮನೆಗೆ’ ಅಂತ ಬರೆದರೆ ಯಾವ ರಜೆ? ಕನ್ನಡ ಮೀಡಿಯಂನಲ್ಲಿ ಕಲಿತ ಮಗುವಿಗೆ ಮಂಜೇಶ್ವರದಲ್ಲಿ ಕನ್ನಡ ಶಾಲೆ ಸಿಗುತ್ತದೆ. ತಾಯಿಗೆ ಕೊಚ್ಚಿಯಲ್ಲಿ ಕೆಲಸ ಸಿಕ್ಕಿದರೆ ಆ ಮಗು ಮಲಯಾಳಂ ಅಕ್ಷರದಿಂದ ಶುರು ಮಾಡಬೇಕು. ಮನೆಯಲ್ಲಿ ಬ್ಯಾರಿ ಮಾತಾಡುವವರಿಗೆ ಮಲಯಾಳಂ ಕಿವಿಗೆ ಹೊಸದಲ್ಲ, ಓದಿ ಬರೆಯುವ ಕಷ್ಟ ಬೇರೆ. ಹೊರಡುವುದಿದ್ದರೆ ಪರೀಕ್ಷೆ ಮುಗಿಸಿ ಹೊರಡಲಿ. ವರ್ಷದ ಮಧ್ಯದಲ್ಲಿ ಟಿ.ಸಿ. ತೆಗೆಸುವ ಅವಸರ ಬೇಡ.

ಹಾಗಂತ ತಾಯಿ ಊರು ಬಿಡಲೇಬಾರದು ಅನ್ನುವುದು ತಪ್ಪು. ದುಡಿಮೆ, ತವರಿನ ಆಸರೆ ಎರಡೂ ಗಡಿಯಾಚೆ ಇರುವಾಗ ಆಕೆ ಇಲ್ಲಿ ಯಾರ ಮುಖ ನೋಡಿಕೊಂಡು ಕೂರಬೇಕು? ಆದರೆ ಹೋಗುವ ಮೊದಲೇ ತಿಳಿಸಲಿ. ಭೇಟಿಯ ದಿನ, ಕರೆತರುವವರು ಯಾರು, ಬಸ್ಸು ರೈಲಿನ ಖರ್ಚು ಯಾರದ್ದು, ವಿಡಿಯೊ ಕಾಲ್ ಎಷ್ಟು ಗಂಟೆಗೆ, ಎಲ್ಲವನ್ನೂ ಬರೆದು ಇಬ್ಬರೂ ಸಹಿ ಹಾಕಲಿ. ಜಮಾಅತಿನ ಕಾಗದ ಕೋರ್ಟಿನ ಆದೇಶವಲ್ಲ. ವಕೀಲರಿಗೆ ತೋರಿಸಿ, ಫ್ಯಾಮಿಲಿ ಕೋರ್ಟಿನಲ್ಲಿ ಒಪ್ಪಂದವಾಗಿ ದಾಖಲು ಮಾಡಿಸಿಕೊಂಡರೆ ಅದಕ್ಕೆ ಬಲ ಬರುತ್ತದೆ.

ಗಲ್ಫ್‌ಗೆ ಹೋಗುವವರಿಗೆ ಇದು ಇನ್ನೂ ಅಗತ್ಯ. ಮಗುವಿನ ಪಾಸ್‌ಪೋರ್ಟ್ ಅರ್ಜಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆ ಕೇಳುತ್ತಾರೆ, ಇಲ್ಲದಿದ್ದರೆ ಕೋರ್ಟಿನ ಕಸ್ಟಡಿ ಆದೇಶ. ವೀಸಾ ಬಂದ ಮೇಲೆ ಸಹಿಗಾಗಿ ಮಾಜಿ ಗಂಡನ ಮನೆ ಬಾಗಿಲಿಗೆ ಮಧ್ಯಸ್ಥಿಕೆಯವರನ್ನು ಕಳಿಸುವ ಬದಲು ತಲಾಖ್‌ನ ಮಾತುಕತೆಯ ದಿನವೇ ಅದನ್ನೂ ಕೇಳಿ ಬರೆಸಿಕೊಳ್ಳಿ.