ಚಿನ್ನದ ಗಣಿಯ ನಗುಮೊಗದ ತಂದೆಯರು

ಕೋಲಾರದ ಚಿನ್ನದ ಗಣಿ ಎಂದೊಡನೆ ಇಂದಿನ ಮಕ್ಕಳ ಕಣ್ಣಿಗೆ ಕಟ್ಟುವುದು 2018ರಲ್ಲಿ ತೆರೆಕಂಡ ಚಲನಚಿತ್ರದ ಬಂದೂಕು, ಬೆಂಕಿ, ಧೂಳು. ಆ ಊರಿನ ಮಣ್ಣಿನಲ್ಲಿ ಆಡಿ ಬೆಳೆದವರ ನೆನಪಿನ ಚಿತ್ರವೇ ಬೇರೆ. ಎಣ್ಣೆಯ ಕಲೆ ಹತ್ತಿದ ಖಾಕಿ ಉಡುಪು, ಕೈಯಲ್ಲಿ ಬರಿದಾದ ಊಟದ ಡಬ್ಬಿ, ತುಟಿಯಲ್ಲಿ ಒಂದು ಸಿಳ್ಳು. ಬೀದಿಯ ತಿರುವಿನಲ್ಲಿಯೇ ಮಕ್ಕಳ ಹೆಸರು ಹಿಡಿದು ಕೂಗುತ್ತ ಬರುವ ತಂದೆ.

ಆ ತಂದೆಯನ್ನು ಒಂದು ಮನೆಯಲ್ಲಿ ‘ಅಪ್ಪ’ ಎನ್ನುತ್ತಿದ್ದರು, ನೆರೆಮನೆಯಲ್ಲಿ ‘ನಾಯನ’, ಅದರಾಚೆಯ ಆಂಗ್ಲೋ-ಇಂಡಿಯನ್ ಮನೆಯಲ್ಲಿ ‘ಡ್ಯಾಡಿ’. ಕರೆಯುವ ಬಗೆ ಮೂರಾದರೂ ಮನುಷ್ಯನ ಮಾದರಿ ಒಂದೇ. ಕಸಬಿನಲ್ಲಿ ನಿಷ್ಣಾತ, ಬಿಡುವಿನಲ್ಲಿ ವಿನೋದಪ್ರಿಯ.

ಕುಶಲಿಗಳ ಊರು

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಇಲ್ಲಿ ಕಾಲಿಟ್ಟ ಮೇಲೆ ಗಣಿಯ ಕೆಲಸವು ಭರದಿಂದ ಸಾಗಿತು. ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಗಣಿಗಳು ಬೆಳೆದವು. 1894ರಲ್ಲಿ ಅಂದಿನ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ರೈಲಿನ ಕವಲುದಾರಿ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ತಂತಿಯ ಮೇಲೆ ಹರಿದು ಬಂದು ಗಣಿಯ ಯಂತ್ರಗಳನ್ನು ತಿರುಗಿಸಿತು.

ಯಂತ್ರ ಬಂದ ಮೇಲೆ ಅದನ್ನು ಬಲ್ಲವನೂ ಬೇಕಲ್ಲವೆ? ಚಿನ್ನದ ಗಣಿಯೆಂದರೆ ಕಲ್ಲೊಡೆಯುವವರ ಊರು ಮಾತ್ರವಲ್ಲ. ಫಿಟ್ಟರು, ಟರ್ನರು, ಕಮ್ಮಾರ, ಬಡಗಿ, ಎರಕದವನು, ವಿದ್ಯುತ್ ಕೆಲಸಗಾರ, ಇವರಿಲ್ಲದೆ ಒಂದು ತೊಲ ಚಿನ್ನವೂ ಮೇಲೆ ಬರುತ್ತಿರಲಿಲ್ಲ. ಕಲ್ಲಿಗೆ ತಾಗಿ ಮೊಂಡಾದ ಬೈರಿಗೆಯ ಉಕ್ಕನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಹದವರಿತು ನೀರಿಗದ್ದುವುದು ಕಮ್ಮಾರನ ವಿದ್ಯೆ. ಹದ ಹೆಚ್ಚಿದರೆ ಉಕ್ಕು ಸಿಡಿಯುವುದು, ಕಡಿಮೆಯಾದರೆ ಬಾಗುವುದು. ಆ ಹದವನ್ನು ಕಾದ ಲೋಹದ ಬಣ್ಣ ನೋಡಿಯೇ ತಿಳಿಯಬೇಕು.

ಕೇಜನ್ನು ಇಳಿಸಿ ಏರಿಸುವ ವೈಂಡಿಂಗ್ ಇಂಜಿನಿನ ಚಾಲಕನ ಹೊಣೆಯಂತೂ ಸಾಮಾನ್ಯವಾದುದಲ್ಲ. ಪಾತಾಳದಲ್ಲಿರುವ ಕೇಜು ಅವನ ಕಣ್ಣಿಗೆ ಕಾಣದು. ಗಂಟೆಯ ಸಂಕೇತ, ಆಳವನ್ನು ತೋರುವ ಮುಳ್ಳು, ಕೈಯಲ್ಲಿರುವ ಬ್ರೇಕು, ಇಷ್ಟೇ ಆಧಾರ. ಹಗ್ಗದ ತುದಿಯಲ್ಲಿ ಇರುವವರು ಅವನ ನೆಂಟರು, ನೆರೆಯವರು, ಮಗನ ಸಹಪಾಠಿಯ ತಂದೆ. 1965ರಲ್ಲಿ ವಿಜ್ಞಾನಿಗಳು ಈ ಗಣಿಯ ಆಳದಲ್ಲಿ ವಾತಾವರಣದಿಂದ ಹುಟ್ಟಿದ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದು ಜಗತ್ತಿನ ಗಮನ ಸೆಳೆದರು. ಅವರ ಉಪಕರಣಗಳು ಕೆಳಗಿಳಿದದ್ದೂ ಇಂಥ ಕುಶಲಿಗಳು ಕಾಪಾಡಿದ ದಾರಿಯಲ್ಲಿಯೇ.

ನಗುವಿನ ಹಿಂದೆ

ಇಷ್ಟು ಕಠಿನವಾದ ದುಡಿಮೆಯವರು ಮನೆಯಲ್ಲಿ ಗಂಟುಮೋರೆ ಹಾಕಿಕೊಂಡಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ಗಣಿಯ ಊರಿನಷ್ಟು ಹಬ್ಬಪ್ರಿಯವಾದ ಊರು ಅಪರೂಪ. ಆಯುಧಪೂಜೆಗೆ ಲೇತು ಯಂತ್ರಕ್ಕೂ ಹೂಮಾಲೆ. ಕ್ರಿಸ್‌ಮಸ್ಸಿನ ಕೇಕು ಹಿಂದೂಗಳ ಮನೆಗೆ, ದೀಪಾವಳಿಯ ಕಜ್ಜಾಯ ಕ್ರೈಸ್ತರ ಮನೆಗೆ. ಭಾನುವಾರ ಫುಟ್‌ಬಾಲ್ ಅಥವಾ ಹಾಕಿ. ಸಂಜೆ ಇಸ್ಪೀಟು, ಹಾರ್ಮೋನಿಯಂ, ಇಲ್ಲವೆ ಸಿನಿಮಾ. ತುಂಡು ಕಬ್ಬಿಣದಿಂದ ಬುಗುರಿಯ ಮೊಳೆ, ಹಳೆಯ ಬೇರಿಂಗಿನಿಂದ ಮಕ್ಕಳ ತಳ್ಳುಗಾಡಿ. ಬೀದಿಯಲ್ಲಿ ಆ ಗಾಡಿಯನ್ನು ಮೊದಲು ಓಡಿಸಿ ನೋಡುವವನು ಮಗನಲ್ಲ, ತಂದೆ!

ಈ ನಗುವಿಗೆ ಒಂದು ಕಾರಣವಿತ್ತು. ಚಾಂಪಿಯನ್ ರೀಫಿನ ಆಳ 3 ಕಿಲೋಮೀಟರಿಗೂ ಮಿಗಿಲು. ಅಷ್ಟು ಕೆಳಗೆ ಬಂಡೆಯು ಬೆಂಕಿಯಂತೆ ಕಾದಿರುವುದು. ಮೇಲಿನ ಭಾರಕ್ಕೆ ಹಠಾತ್ತನೆ ಸಿಡಿಯುವುದೂ ಉಂಟು. ಶಿಲಾಸ್ಫೋಟವಾದಾಗ ನೆಲದ ಮೇಲಿನ ಮನೆಗಳೂ ನಡುಗುತ್ತಿದ್ದವು. ಒಲೆಯ ಮುಂದಿದ್ದ ಹೆಂಗಸರು ಹಾಗೆಯೇ ಎದ್ದು ಗಣಿಯ ಬಾಯಿಗೆ ಓಡುತ್ತಿದ್ದರು. ಕಲ್ಲಿನ ಧೂಳು ಶ್ವಾಸಕೋಶವನ್ನು ಸೇರಿ ಮೆಲ್ಲಮೆಲ್ಲನೆ ಉಸಿರು ಕಸಿಯುವ ರೋಗ ಬೇರೆ. ನಾಳೆಯ ಮೇಲೆ ಭರವಸೆ ಸಾಲದವನು ಇಂದಿನ ಸಂಜೆಯನ್ನು ವ್ಯರ್ಥಮಾಡಲಾರ. ತಂದೆಯ ತಮಾಷೆಯು ಹುಡುಗಾಟವೆಂದು ಮಕ್ಕಳು ತಿಳಿದಿದ್ದರು. ಅದು ಧೈರ್ಯವೆಂಬುದು ಅವರಿಗೆ ಅರಿವಾದದ್ದು ತಾವೂ ಮಕ್ಕಳೊಂದಿಗರಾದ ಮೇಲೆ.

ಬಂಗಾರಪೇಟೆಯ ದಾರಿ

ಹೊರಲೋಕಕ್ಕೆ ಬಾಗಿಲು ಬಂಗಾರಪೇಟೆ. ಮೈಸೂರಿನ ಕಮಿಷನರಾಗಿದ್ದ ಬೌರಿಂಗರ ಹೆಸರು ಹೊತ್ತಿದ್ದ ಆ ಊರಿನಲ್ಲಿ ಬೆಂಗಳೂರು–ಮದರಾಸು ಹಾದಿಗೆ ಗಣಿಯ ರೈಲು ಕೂಡುತ್ತಿತ್ತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಯಲ್ಲಿ ಇಳಿದರೆ ಮಕ್ಕಳಿಗೆ ಅದೇ ಪರದೇಶ. ಇಂದು ಬಣ್ಣವಿಲ್ಲದ ನೀರಿನ ಪಾನಿಪೂರಿಗೆ ಆ ಊರು ನಾಡಿನಲ್ಲೆಲ್ಲ ಹೆಸರಾಗಿದೆ.

1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ, ಹೀಗೆ ಗಣಿಯ ಒಡೆತನ ಕೈ ಬದಲಿಸಿತು. ಮೊದಲ ದಿನಗಳಲ್ಲಿ ಟನ್ನು ಅದಿರಿಗೆ 40 ಗ್ರಾಮಿಗೂ ಮೀರಿ ದೊರೆಯುತ್ತಿದ್ದ ಚಿನ್ನವು ಕೊನೆಗೆ ಮೂರು–ನಾಲ್ಕು ಗ್ರಾಮಿಗೆ ಇಳಿಯಿತು. ಆಳ ಹೆಚ್ಚಿತು, ಖರ್ಚು ಹೆಚ್ಚಿತು, ಆದಾಯ ಕುಗ್ಗಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತವು, ಶಾಫ್ಟುಗಳಲ್ಲಿ ನೀರು ತುಂಬಿತು.

ಉಳಿದ ಆಸ್ತಿ

ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ನು ಚಿನ್ನ ಕೊಟ್ಟ ನೆಲದಲ್ಲಿ ದುಡಿದವರ ಮನೆಗೆ ಚಿನ್ನವೇನೂ ಬರಲಿಲ್ಲ. ಬಂದದ್ದು ಕಸಬು. ತಂದೆಯ ಬಳಿ ಸ್ಪ್ಯಾನರು ಹಿಡಿಯಲು ಕಲಿತವರಲ್ಲಿ ಕೆಲವರು 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಕಾರ್ಖಾನೆಯನ್ನು ಸೇರಿದರು, ಕೆಲವರು ಬೆಂಗಳೂರಿಗೆ ನಡೆದರು. ಇಂದಿಗೂ ನಸುಕಿನಲ್ಲಿ ಎದ್ದು ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ದುಡಿದು, ಕತ್ತಲಾದ ಮೇಲೆ ಮನೆ ಸೇರುವವರು ಸಾವಿರಾರು ಮಂದಿ.

ದಣಿದು ಬಂದರೂ ಬಾಗಿಲಲ್ಲಿ ಮಕ್ಕಳನ್ನು ಒಮ್ಮೆ ನಗಿಸಿ ಒಳಗೆ ಹೋಗುವ ರೂಢಿ ಆ ಮನೆಗಳಲ್ಲಿ ಇನ್ನೂ ಇದ್ದರೆ, ಹಿರಿಯರು ಬಿಟ್ಟುಹೋದ ಆಸ್ತಿ ಕರಗಿಲ್ಲವೆಂದೇ ತಿಳಿಯಬೇಕು.