ನಕಲು ಯಂತ್ರ ಓದಲು ಕಲಿತಾಗ

2013ರಲ್ಲಿ ಜರ್ಮನಿಯ ಕಂಪನಿಯೊಂದರಲ್ಲಿ ಕಟ್ಟಡದ ನಕ್ಷೆಯೊಂದನ್ನು ಸ್ಕ್ಯಾನ್ ಮಾಡಿದರು. ಮೂಲ ನಕ್ಷೆಯಲ್ಲಿ ಮೂರು ಕೋಣೆಗಳ ವಿಸ್ತೀರ್ಣ ಹೀಗಿತ್ತು: 14.13, 21.11 ಮತ್ತು 17.42 ಚದರ ಮೀಟರ್. ಯಂತ್ರದಿಂದ ಹೊರಬಂದ ಪ್ರತಿಯಲ್ಲಿ ಮೂರೂ ಕೋಣೆಗಳ ಮೇಲೆ 14.13 ಎಂದೇ ಇತ್ತು. ದೊಡ್ಡ ಕೋಣೆ ಚಿತ್ರದಲ್ಲಿ ದೊಡ್ಡದಾಗಿಯೇ ಕಾಣುತ್ತಿತ್ತು, ಅದರೊಳಗಿನ ಅಂಕಿ ಮಾತ್ರ ಚಿಕ್ಕ ಕೋಣೆಯದು. ಕಲೆ ಬಿದ್ದಿರಲಿಲ್ಲ, ಅಕ್ಷರ ಮಸುಕಾಗಿರಲಿಲ್ಲ. ತಪ್ಪು ಅಂಕಿ ಅಚ್ಚುಕಟ್ಟಾಗಿ, ಸ್ಫುಟವಾಗಿ ಮೂಡಿತ್ತು.

ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಇದರ ಬೆನ್ನು ಹತ್ತಿದರು. ಅದು ಜೆರಾಕ್ಸ್ ಕಂಪನಿಯ ‘ವರ್ಕ್‌ಸೆಂಟರ್’ ಯಂತ್ರ. ಬೇರೆ ದಾಖಲೆಗಳಲ್ಲಿ ಅದೇ ಬಗೆಯ ಯಂತ್ರ 6 ಇದ್ದಲ್ಲಿ 8 ಎಂದು ಕೊಡುತ್ತಿತ್ತು. ಅವರು ಆಗಸ್ಟ್‌ನಲ್ಲಿ ಇದನ್ನೆಲ್ಲ ಬಹಿರಂಗಪಡಿಸಿದ ಮೇಲೆ ಕಂಪನಿ ತಂತ್ರಾಂಶ ತಿದ್ದಿ ಬಿಡುಗಡೆ ಮಾಡಿತು. ಮಸಿ ಕಡಿಮೆಯಾಗಿ ಅಕ್ಷರ ಅಳಿಸಿಹೋದರೆ ಯಾರಿಗಾದರೂ ಅರ್ಥವಾಗುತ್ತದೆ. ಒಂದು ಅಂಕಿಯ ಜಾಗದಲ್ಲಿ ಇನ್ನೊಂದನ್ನು ತಂದು ಕೂರಿಸುವ ಬುದ್ಧಿ ನಕಲು ಯಂತ್ರಕ್ಕೆ ಬಂದದ್ದು ಎಲ್ಲಿಂದ? ಈ ಯಂತ್ರಗಳ ಮುಕ್ಕಾಲು ಶತಮಾನದ ಚರಿತ್ರೆಯಲ್ಲಿ ಅದಕ್ಕೆ ಉತ್ತರವಿದೆ.

ಮೊದಲ ಯಂತ್ರಕ್ಕೆ ಏನೂ ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ ಭೌತಶಾಸ್ತ್ರ ಓದಿ, ನ್ಯೂಯಾರ್ಕ್‌ನ ಕಂಪನಿಯೊಂದರ ಪೇಟೆಂಟ್ ವಿಭಾಗದಲ್ಲಿ ಕೆಲಸಕ್ಕಿದ್ದವರು. ಪೇಟೆಂಟ್ ಅರ್ಜಿಗಳಿಗೆ ಎಷ್ಟು ಪ್ರತಿ ಇದ್ದರೂ ಸಾಲದು. ಕಾರ್ಬನ್ ಹಾಳೆ ಇಟ್ಟು ಟೈಪ್ ಮಾಡಿಸಬೇಕು, ಇಲ್ಲವೇ ಹೊರಗೆ ಕಳಿಸಿ ಫೋಟೊ ತೆಗೆಸಬೇಕು. ಸಂಧಿವಾತವಿದ್ದ ಅವರಿಗೆ ಕೈಯಲ್ಲಿ ಬರೆದು ನಕಲು ಮಾಡುವುದೆಂದರೆ ಯಾತನೆ. ಬೇರೆಯವರು ರಾಸಾಯನಿಕ ಬಳಸುವ ಫೋಟೊ ವಿಧಾನಗಳಲ್ಲೇ ತಡಕಾಡುತ್ತಿದ್ದಾಗ ಅವರು ಸ್ಥಿರವಿದ್ಯುತ್ತಿನ ಕಡೆ ಹೊರಳಿದರು.

1938ರ ಅಕ್ಟೋಬರ್ 22ರಂದು ನ್ಯೂಯಾರ್ಕ್‌ನ ಆಸ್ಟೋರಿಯಾದಲ್ಲಿ, ಬಾಡಿಗೆ ಕೋಣೆಯೊಂದರಲ್ಲಿ, ಕಾರ್ಲ್‌ಸನ್ ಮತ್ತು ಅವರ ಸಹಾಯಕ ಒಟ್ಟೊ ಕೊರ್ನೈ ಸತುವಿನ ತಗಡಿಗೆ ಗಂಧಕದ ಲೇಪ ಕೊಟ್ಟರು. ಅದನ್ನು ಕರವಸ್ತ್ರದಿಂದ ಉಜ್ಜಿ ವಿದ್ಯುದಾವೇಶ ತುಂಬಿದರು. ಗಾಜಿನ ಪಟ್ಟಿಯ ಮೇಲೆ ಅಂದಿನ ತಾರೀಕು ಮತ್ತು ಊರಿನ ಹೆಸರು ಬರೆದು ತಗಡಿನ ಮೇಲಿಟ್ಟು, ಕೆಲವು ಸೆಕೆಂಡು ಪ್ರಖರ ಬೆಳಕು ಹಾಯಿಸಿದರು. ಗಾಜು ತೆಗೆದು ಸಸ್ಯಜನ್ಯವಾದ ಲೈಕೊಪೋಡಿಯಂ ಪುಡಿ ಉದುರಿಸಿ ಊದಿದಾಗ ಬರಹವಿದ್ದ ಜಾಗದಲ್ಲಷ್ಟೇ ಪುಡಿ ಉಳಿಯಿತು. ಮೇಣದ ಕಾಗದ ಒತ್ತಿ ತೆಗೆದರೆ ಅಕ್ಷರಗಳು ಅದಕ್ಕೆ ಅಂಟಿಕೊಂಡಿದ್ದವು.

ಇದರ ಗುಟ್ಟು ಸರಳ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವಂತೆ, ಆವೇಶ ಹೊತ್ತ ಮೈ ಪುಡಿಯನ್ನು ಸೆಳೆಯುತ್ತದೆ. ಗಂಧಕದಂಥ ಕೆಲವು ವಸ್ತುಗಳು ಕತ್ತಲಲ್ಲಿ ಆವೇಶವನ್ನು ಹಿಡಿದಿಟ್ಟುಕೊಳ್ಳುತ್ತವೆ, ಬೆಳಕು ಬಿದ್ದೊಡನೆ ಬಿಟ್ಟುಬಿಡುತ್ತವೆ. ಪುಟದ ಬಿಳಿ ಭಾಗದಿಂದ ಬೆಳಕು ಬಂದು ಬಿದ್ದಲ್ಲಿ ಆವೇಶ ಹೋಗುತ್ತದೆ. ಕಪ್ಪು ಅಕ್ಷರದ ನೆರಳಿನಲ್ಲಿ ಉಳಿಯುತ್ತದೆ. ಉಳಿದಲ್ಲಿ ಟೋನರ್ ಪುಡಿ ಹತ್ತುತ್ತದೆ. ಪುಡಿ ಕಾಗದಕ್ಕೆ ದಾಟಿದ ಮೇಲೆ ಬಿಸಿ ತಾಗಿಸಿ ಕರಗಿಸಿದರೆ ಅಕ್ಷರ ಗಟ್ಟಿಯಾಗಿ ಕೂರುತ್ತದೆ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೈಗೆ ಸಿಗುವ ಹಾಳೆ ಬೆಚ್ಚಗಿರುವುದು ಇದೇ ಕಾರಣಕ್ಕೆ.

ಕಾರ್ಲ್‌ಸನ್‌ಗೆ 1942ರಲ್ಲಿ ಪೇಟೆಂಟ್ ಸಿಕ್ಕಿತು, ಕೊಳ್ಳುವವರು ಸಿಗಲಿಲ್ಲ. ಐಬಿಎಂ, ಜನರಲ್ ಎಲೆಕ್ಟ್ರಿಕ್, ಆರ್‌ಸಿಎ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಬೇಡವೆಂದವು. 1944ರಲ್ಲಿ ಒಹಾಯೊದ ಬ್ಯಾಟೆಲ್ ಸಂಶೋಧನಾ ಸಂಸ್ಥೆ ಕೈಹಿಡಿಯಿತು. ಗಂಧಕದ ಬದಲು ಬೆಳಕಿಗೆ ಚುರುಕಾಗಿ ಸ್ಪಂದಿಸುವ ಸೆಲೆನಿಯಂ ಬಂದದ್ದು ಅಲ್ಲಿ. 1947ರಲ್ಲಿ ರಾಚೆಸ್ಟರ್‌ನ ಹಾಲಾಯ್ಡ್ ಎಂಬ ಫೋಟೊ ಕಾಗದದ ಕಂಪನಿ ಪರವಾನಗಿ ಪಡೆಯಿತು. ಮುಂದೆ ಜೆರಾಕ್ಸ್ ಆದದ್ದು ಅದೇ. ಗುಂಡಿ ಒತ್ತಿದರೆ ಸಾದಾ ಕಾಗದದ ಮೇಲೆ ಪ್ರತಿ ಕೊಡುವ ‘914’ ಯಂತ್ರವನ್ನು ಅದು 1959ರಲ್ಲಿ ಹೊರತಂದಿತು. 9 ಇಂಚು ಅಗಲ, 14 ಇಂಚು ಉದ್ದದ ಹಾಳೆಯವರೆಗೆ ನಕಲು ಮಾಡುತ್ತಿದ್ದುದರಿಂದ ಆ ಹೆಸರು. ತೂಕ ಸುಮಾರು 294 ಕಿಲೊ. ಕಾಗದ ಒಳಗೆ ಸಿಕ್ಕಿಕೊಂಡು ಬೆಂಕಿ ಹತ್ತುವ ಭಯವಿದ್ದುದರಿಂದ ಜೊತೆಗೊಂದು ಅಗ್ನಿಶಾಮಕವನ್ನೂ ಕೊಡುತ್ತಿದ್ದರು. ಇಷ್ಟಾದರೂ ಕಚೇರಿಗಳು ಮುಗಿಬಿದ್ದವು. ಕಂಪನಿ ಅದನ್ನು ತಿಂಗಳಿಗೆ 95 ಡಾಲರ್ ಬಾಡಿಗೆಗೆ ಕೊಡುತ್ತಿತ್ತು, ಮೊದಲ 2000 ಪ್ರತಿ ಅದರಲ್ಲೇ ಸೇರಿತ್ತು.

ಈ ಯಂತ್ರ ಹಾಳೆಯ ಮೇಲಿನ ಕಪ್ಪು–ಬಿಳುಪನ್ನು ಬೆಳಕಿನ ಮೂಲಕ ನೇರವಾಗಿ ದಾಟಿಸುತ್ತಿತ್ತು, ಅಷ್ಟೇ. ಅದರ ಪಾಲಿಗೆ 6 ಆಗಲಿ 8 ಆಗಲಿ, ನೊಣ ಕೂತ ಗುರುತಾಗಲಿ, ಎಲ್ಲವೂ ನೆರಳೇ.

ಬೆಳಕು ಹಾಳೆಯಿಂದಲೇ ಬರಬೇಕೆಂದೇನಿದೆ ಎಂಬ ಪ್ರಶ್ನೆ ಜೆರಾಕ್ಸ್‌ನ ಯುವ ಎಂಜಿನಿಯರ್ ಗ್ಯಾರಿ ಸ್ಟಾರ್ಕ್‌ವೆದರ್‌ಗೆ 1967ರ ಸುಮಾರಿಗೆ ಹೊಳೆಯಿತು. ಕಂಪ್ಯೂಟರಿನ ಆಣತಿಯಂತೆ ಲೇಸರ್ ಕಿರಣವೇ ಯಂತ್ರದೊಳಗಿನ ಸೆಲೆನಿಯಂ ಲೇಪದ ಡ್ರಮ್ಮಿನ ಮೇಲೆ ಬರೆಯಬಾರದೇಕೆ? ಲೇಸರ್ ಆಗ ದುಬಾರಿ ಸಾಮಾನು. ಮೇಲಧಿಕಾರಿಗಳು ಆ ಗೊಡವೆ ಬಿಡುವಂತೆ ಹೇಳಿದರು. ಅವರು ಬಿಡಲಿಲ್ಲ; 1971ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಅದೇ ಕಂಪನಿಯ ಹೊಸ ಸಂಶೋಧನಾ ಕೇಂದ್ರಕ್ಕೆ ವರ್ಗ ಮಾಡಿಸಿಕೊಂಡು ಹೋಗಿ, ಹಳೆಯ ನಕಲು ಯಂತ್ರವನ್ನೇ ಮಾರ್ಪಡಿಸಿ ಲೇಸರ್ ಮುದ್ರಕ ಕಟ್ಟಿದರು.

ಅದರಲ್ಲಿ ಬಹುಮುಖದ ಕನ್ನಡಿಯೊಂದು ಗಿರಗಿರ ತಿರುಗುತ್ತದೆ. ಪ್ರತಿ ಮುಖವೂ ಲೇಸರ್ ಕಿರಣವನ್ನು ಡ್ರಮ್ಮಿನ ಈ ತುದಿಯಿಂದ ಆ ತುದಿಗೆ ಗುಡಿಸುತ್ತದೆ, ಕಿರಣ ಹೊತ್ತಿ ಆರಿ ಚುಕ್ಕೆಗಳನ್ನು ಇಡುತ್ತದೆ. ಕನ್ನಡಿಯ ಒಂದು ಮುಖ ಕೂದಲೆಳೆಯಷ್ಟು ಓರೆಯಾದರೂ ಸಾಲು ಜಾಗ ತಪ್ಪುತ್ತದೆ. ಅಷ್ಟು ಕರಾರುವಾಕ್ಕಾಗಿ ಕನ್ನಡಿ ಕಡೆಯಲು ಹೊರಟರೆ ಯಂತ್ರದ ಬೆಲೆ ಕೈಗೆಟುಕದು. ಸ್ಟಾರ್ಕ್‌ವೆದರ್ ನಡುವೆ ಒಂದು ಸಿಲಿಂಡರ್ ಮಸೂರವನ್ನಿಟ್ಟರು. ಓರೆಯಾಗಿ ಬಂದ ಕಿರಣವನ್ನು ಅದು ಮತ್ತೆ ಅದೇ ಸಾಲಿಗೆ ಬಾಗಿಸಿತು. ಕನ್ನಡಿಯ ದೋಷ ಕನ್ನಡಿಯಲ್ಲೇ ಉಳಿಯಿತು, ಹಾಳೆಗೆ ಬರಲಿಲ್ಲ.

1977ರಲ್ಲಿ ಬಂದ ಜೆರಾಕ್ಸ್ 9700 ನಿಮಿಷಕ್ಕೆ 120 ಪುಟ ಮುದ್ರಿಸುತ್ತಿದ್ದ ಭಾರೀ ಯಂತ್ರ. ಅದನ್ನು ಮೇಜಿನ ಗಾತ್ರಕ್ಕೆ ಇಳಿಸಿದ ಕೀರ್ತಿಯಲ್ಲಿ ಜಪಾನಿನ ಕ್ಯಾನನ್ ಕಂಪನಿಗೆ ದೊಡ್ಡ ಪಾಲಿದೆ. ಪದೇ ಪದೇ ಸವೆಯುವ ಡ್ರಮ್ ಮತ್ತು ಟೋನರನ್ನು ಒಂದೇ ಡಬ್ಬಿಗೆ ಸೇರಿಸಿ, ಖಾಲಿಯಾದಾಗ ಬಳಕೆದಾರರೇ ಬದಲಿಸಿಕೊಳ್ಳುವ ಕಾರ್ಟ್ರಿಡ್ಜನ್ನು ಅದು ಮೊದಲು ಸಣ್ಣ ನಕಲು ಯಂತ್ರಗಳಿಗೆ ತಂದಿತ್ತು. ರಿಪೇರಿಯವರನ್ನು ಕಾಯುವ ಪಾಡು ಕಡಿಮೆಯಾಯಿತು. 1984ರ ಎಚ್‌ಪಿ ಲೇಸರ್‌ಜೆಟ್‌ನ ಒಳಗಿದ್ದದ್ದು ಕ್ಯಾನನ್ ಎಂಜಿನ್ನೇ. ಬೆಲೆ 3,495 ಡಾಲರ್, ಇಂಚಿಗೆ 300 ಚುಕ್ಕೆ.

ಇಂಕ್‌ಜೆಟ್ ಹುಟ್ಟಿನಲ್ಲೂ ಕ್ಯಾನನ್ ಹೆಸರಿದೆ. 1977ರಲ್ಲಿ ಅಲ್ಲಿನ ಸಂಶೋಧಕ ಇಚಿರೊ ಎಂಡೊ ಅವರ ಪ್ರಯೋಗಾಲಯದಲ್ಲಿ ಕಾದ ಬೆಸುಗೆ ಕಡ್ಡಿ ಮಸಿ ತುಂಬಿದ್ದ ಸಿರಿಂಜಿನ ಸೂಜಿಗೆ ತಾಗಿ ಮಸಿ ಚಿಮ್ಮಿತು. ಬಿಸಿಗೆ ಹುಟ್ಟಿದ ಗುಳ್ಳೆ ಮಸಿಯನ್ನು ದೂಡುತ್ತದೆಂದು ಅದರಿಂದ ತಿಳಿಯಿತು. ಎಚ್‌ಪಿಯಲ್ಲಿ ಜಾನ್ ವಾಟ್ ಇದೇ ತತ್ವಕ್ಕೆ ಬೇರೆ ದಾರಿಯಿಂದ ಬಂದರು. ಎಪ್ಸನ್ ಕಂಪನಿ ಬಿಸಿ ಮಾಡುವ ಬದಲು, ವಿದ್ಯುತ್ ಕೊಟ್ಟಾಗ ಮಿಡಿಯುವ ಹರಳಿನಿಂದ ಮಸಿ ತಳ್ಳುವ ಹಾದಿ ಹಿಡಿಯಿತು.

ಕಂಪ್ಯೂಟರಿನಿಂದ ಹಾಳೆಗೆ ದಾರಿ ಹೀಗೆ ಸಿಕ್ಕಿತು. ಹಾಳೆಯಿಂದ ಕಂಪ್ಯೂಟರಿಗೆ ಹೋಗುವ ದಾರಿ ಅದಕ್ಕಿಂತ ಹಳೆಯದು. 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಸೆಲ್ ಕಿರ್ಶ್ ಮತ್ತು ಸಂಗಡಿಗರು ತಿರುಗುವ ಡ್ರಮ್ಮಿಗೆ ಫೋಟೊ ಸುತ್ತಿ, ಅದರ ಮೇಲೆ ಬೆಳಕು ಆಡಿಸಿ, ಚಿತ್ರವನ್ನು ಅಂಕಿಗಳಾಗಿ ಬಿಡಿಸಿದರು. ಅವರು ಮೊದಲು ಸ್ಕ್ಯಾನ್ ಮಾಡಿದ್ದು ಕಿರ್ಶ್ ಅವರ ಮೂರು ತಿಂಗಳ ಮಗನ ಫೋಟೊ. ಅಗಲಕ್ಕೆ 176, ಉದ್ದಕ್ಕೆ 176 ಪಿಕ್ಸೆಲ್. 1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಬೆಳಕು ಗ್ರಹಿಸುವ ಚಿಪ್ ಡ್ರಮ್ಮಿನ ಹಂಗು ತಪ್ಪಿಸಿತು. ಅವರಿಬ್ಬರಿಗೆ 2009ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ರೇ ಕುರ್ಜ್‌ವೈಲ್ 1976ರಲ್ಲಿ ಸಿಸಿಡಿ ಬಳಸಿದ ಸ್ಕ್ಯಾನರ್, ಬೇರೆ ಬೇರೆ ಅಚ್ಚಿನ ಅಕ್ಷರ ಗುರುತಿಸುವ ತಂತ್ರಾಂಶ, ಓದಿ ಹೇಳುವ ಧ್ವನಿ, ಮೂರನ್ನೂ ಕೂಡಿಸಿ ಅಂಧರಿಗಾಗಿ ಓದುಯಂತ್ರವನ್ನು ತಂದರು. ಕಾಗದದ ಮೇಲಿರುವುದು ನೆರಳಲ್ಲ, ಅಕ್ಷರ ಎಂದು ಯಂತ್ರ ಗುರುತಿಸತೊಡಗಿತು.

ಅಲ್ಲಿಂದಾಚೆಗಿನ ಹೆಚ್ಚಿನ ಸುಧಾರಣೆಗಳು ಯಂತ್ರದ ಈ ತಿಳಿವಿಗೆ ಸಂಬಂಧಿಸಿದವು. ಹಳದಿಗಟ್ಟಿದ ಹಾಳೆಯಲ್ಲಿ ಯಾವುದು ಮಸಿ, ಯಾವುದು ಕಾಗದ? ಜಪಾನಿನ ನೊಬುಯುಕಿ ಒಟ್ಸು 1979ರಲ್ಲಿ ಇದಕ್ಕೊಂದು ಗಣಿತ ಕೊಟ್ಟರು. ಪುಟದ ಬೂದು ಛಾಯೆಗಳನ್ನು ಎರಡು ಗುಂಪಾಗಿ ಒಡೆದು, ಗುಂಪುಗಳ ನಡುವಿನ ಅಂತರ ಅತಿ ಹೆಚ್ಚಾಗುವಂತೆ ಗೆರೆ ಎಳೆಯುವ ಆ ವಿಧಾನ ಇಂದಿಗೂ ಬಳಕೆಯಲ್ಲಿದೆ. ದಪ್ಪ ಪುಸ್ತಕ ತೆರೆದಾಗ ನಡುವಿನ ಮಡಿಕೆಯಲ್ಲಿ ಸಾಲುಗಳು ಬಾಗುತ್ತವೆ. 2009ರಲ್ಲಿ ಪೇಟೆಂಟ್ ಪಡೆದ ಗೂಗಲ್‌ನ ತಂತ್ರದಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ವಿನ್ಯಾಸವನ್ನು ಪುಟದ ಮೇಲೆ ಚೆಲ್ಲಿ, ಕ್ಯಾಮೆರಾಗಳಿಂದ ಬಾಗನ್ನು ಅಳೆದು, ಚಿತ್ರವನ್ನು ತಂತ್ರಾಂಶದಲ್ಲೇ ಸಮತಟ್ಟು ಮಾಡುತ್ತಾರೆ. ಇಂಟರ್ನೆಟ್ ಆರ್ಕೈವ್‌ನ ‘ಸ್ಕ್ರೈಬ್’ ಯಂತ್ರದಲ್ಲಿ ಪುಸ್ತಕ ಇಂಗ್ಲಿಷಿನ ‘ವಿ’ ಆಕಾರದ ತೊಟ್ಟಿಲಲ್ಲಿ ಅರ್ಧ ತೆರೆದು ಮಲಗುತ್ತದೆ. ಗಾಜು ಇಳಿದು ಪುಟ ಒತ್ತುತ್ತದೆ, ಎರಡು ಕ್ಯಾಮೆರಾ ಎರಡೂ ಪುಟ ತೆಗೆಯುತ್ತವೆ. ಬೆನ್ನು ಮುರಿಯುವುದಿಲ್ಲ. ಪುಟ ತಿರುಗಿಸುವುದು ಮಾತ್ರ ಮನುಷ್ಯರ ಕೈ.

ಇನ್ನೊಂದು ತಲೆನೋವು ಕಡತದ ಗಾತ್ರ. ಇಂಚಿಗೆ 300 ಚುಕ್ಕೆಯ (300 ಡಿಪಿಐ) ಲೆಕ್ಕದಲ್ಲಿ ಒಂದು ಎ4 ಹಾಳೆಯೆಂದರೆ ಸುಮಾರು 87 ಲಕ್ಷ ಪಿಕ್ಸೆಲ್. ಬಣ್ಣದಲ್ಲಿ, ಕುಗ್ಗಿಸದೆ ಇಟ್ಟರೆ 26 ಎಂಬಿಯಷ್ಟು ಜಾಗ ಬೇಕು. ಕಪ್ಪು–ಬಿಳುಪು ಪುಟಗಳನ್ನು ಕುಗ್ಗಿಸುವ ‘ಜೆಬಿಗ್2’ ಎಂಬ ವಿಧಾನ ಪುಟದ ಮೇಲಿನ ಗುರುತುಗಳನ್ನು ಒಂದಕ್ಕೊಂದು ಹೋಲಿಸಿ, ಒಂದೇ ಥರ ಕಂಡವುಗಳಲ್ಲಿ ಒಂದನ್ನಷ್ಟೇ ಉಳಿಸಿಕೊಂಡು, ಉಳಿದ ಕಡೆಯೆಲ್ಲ ಅದನ್ನೇ ಮತ್ತೆ ಇಡುತ್ತದೆ. ಹೋಲಿಕೆಯ ಲೆಕ್ಕ ಸಡಿಲವಾಗಿ, ಅಕ್ಷರ ಸಣ್ಣದಿದ್ದರೆ 6ಕ್ಕೂ 8ಕ್ಕೂ ವ್ಯತ್ಯಾಸ ತಿಳಿಯದು. ಜರ್ಮನಿಯ ನಕ್ಷೆಯಲ್ಲಿ ಆದದ್ದು ಇದು. ಯಂತ್ರ ಹಾಳೆಯನ್ನು ಕಣ್ಣಿಟ್ಟು ನೋಡಿತ್ತು, ಆಮೇಲೆ ತನಗೆ ತೋಚಿದಂತೆ ಬರೆದಿತ್ತು. ನೆರಳು ದಾಟಿಸುವ ಯಂತ್ರದಲ್ಲಿ ಬರದ ತಪ್ಪು, ಅರ್ಥ ಮಾಡಿಕೊಳ್ಳುವ ಯಂತ್ರದಲ್ಲಿ ಬಂತು.

ಕನ್ನಡದಲ್ಲಂತೂ ಯಂತ್ರಕ್ಕೆ ಅಕ್ಷರ ಕಲಿಸುವುದು ಇನ್ನೂ ಕಷ್ಟ. ‘ದ’ದ ಹೊಟ್ಟೆ ಸೀಳಿದರೆ ‘ಧ’, ‘ಪ’ದ ಹೊಟ್ಟೆ ಸೀಳಿದರೆ ‘ಫ’. ಹಳೆಯ ಮೊಳೆ ಸವೆದಿದ್ದರೆ ಆ ಸೀಳೇ ಕಾಣದು. ಅನುಸ್ವಾರಕ್ಕೂ ಸೊನ್ನೆಗೂ ಒಂದೇ ರೂಪ, ಅರ್ಕಾವತ್ತು ನೋಡಲು ಕನ್ನಡದ ಒಂಬತ್ತು. ಒತ್ತಕ್ಷರ ಸಾಲಿನ ಕೆಳಗೆ ಇಳಿದು, ಕೆಳಗಿನ ಸಾಲಿನ ಗುಡಿಸಿಗೆ ತಾಗುವುದೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ತಂಡ ಈ ತೊಡಕುಗಳನ್ನು ಬಿಡಿಸುತ್ತ ‘ಲಿಪಿಜ್ಞಾನಿ’ ಎಂಬ ಕನ್ನಡ ಅಕ್ಷರ ಗುರುತಿಸುವ ತಂತ್ರಾಂಶವನ್ನು ಸಿದ್ಧಪಡಿಸಿತು. ಮುದ್ರಿತ ಪುಸ್ತಕಗಳನ್ನು ಬ್ರೈಲ್‌ಗೆ ತರಲು ಅದು ನೆರವಾಗಿದೆ. ಎಚ್‌ಪಿಯಲ್ಲಿ 1980ರ ದಶಕದಲ್ಲಿ ಹುಟ್ಟಿ 2005ರಲ್ಲಿ ಮುಕ್ತ ತಂತ್ರಾಂಶವಾದ ‘ಟೆಸೆರ‍್ಯಾಕ್ಟ್’ ಕೂಡ ಈಗ ಕನ್ನಡ ಓದುತ್ತದೆ. ಬಿಡಿ ಅಕ್ಷರ ಕತ್ತರಿಸದೆ ಇಡೀ ಸಾಲನ್ನು ಒಟ್ಟಿಗೆ ನೋಡುವ ನರಜಾಲ ಪದ್ಧತಿ ಅದಕ್ಕೆ ಸೇರಿದ ಮೇಲೆ ಒತ್ತಕ್ಷರದ ಕಾಟ ತಗ್ಗಿದೆ.

ಓದಿದ್ದನ್ನು ಇಡುವ ಕ್ರಮದಲ್ಲೂ ಜಾಣತನ ಬಂದಿದೆ. ಹುಡುಕಲು ಬರುವ ಪಿಡಿಎಫ್‌ನಲ್ಲಿ ಕಣ್ಣಿಗೆ ಕಾಣುವುದು ಪುಟದ ಚಿತ್ರ. ಯಂತ್ರ ಓದಿದ ಅಕ್ಷರಗಳು ಅದರ ಹಿಂದೆ ಕಾಣದಂತೆ ಕೂತಿರುತ್ತವೆ. ಯಂತ್ರ ‘ಧರ್ಮ’ವನ್ನು ‘ದರ್ಮ’ ಎಂದು ಓದಿದರೂ ಪುಟದಲ್ಲಿ ‘ಧರ್ಮ’ ಕೆಡುವುದಿಲ್ಲ, ಹುಡುಕುವವರಿಗೆ ಮಾತ್ರ ಸಿಗುವುದಿಲ್ಲ.

ಮನೆಯ ಕ್ರಯಪತ್ರ, ಹಳೆಯ ಪಹಣಿ, ವಿಭಾಗಪತ್ರಗಳನ್ನು ಮೊಬೈಲಿನಲ್ಲೋ ಸ್ಕ್ಯಾನರಿನಲ್ಲೋ ಹಿಡಿದಿಡುವವರಿಗೆ ಈ ಕಥೆಯಿಂದ ಕೆಲವು ಕೆಲಸದ ಸಂಗತಿಗಳು ಸಿಗುತ್ತವೆ. ಇಂಚಿಗೆ 300 ಚುಕ್ಕೆಗಿಂತ ಕಡಿಮೆ ಬೇಡ. ಮಾಸಿದ ಹಾಳೆಗೆ ಬರೀ ಕಪ್ಪು–ಬಿಳುಪಿಗಿಂತ ಬಣ್ಣ ಅಥವಾ ಬೂದು ಛಾಯೆಯ ಆಯ್ಕೆ ಮೇಲು, ಏಕೆಂದರೆ ಮಸಿ–ಕಾಗದದ ಗೆರೆಯನ್ನು ಆಮೇಲೆ ಬೇಕಾದಂತೆ ಎಳೆಯಬಹುದು. ಕಡತ ಅತಿ ಚಿಕ್ಕದಾಗಲಿ ಎಂದು ಗುಣಮಟ್ಟವನ್ನು ಕೊನೆಯ ಮೆಟ್ಟಿಲಿಗೆ ಇಳಿಸುವುದು ಸಲ್ಲ. ಸರ್ವೆ ನಂಬರು, ಎಕರೆ–ಗುಂಟೆ, ತಾರೀಕುಗಳನ್ನು ಮೂಲದೊಂದಿಗೆ ಒಮ್ಮೆ ತಾಳೆ ನೋಡಿ, ಆಮೇಲೆ ಕಾಗದವನ್ನು ಪೆಟ್ಟಿಗೆಗೆ ಸೇರಿಸುವುದು ಒಳ್ಳೆಯದು.