ಎಂಆರ್‌ಐ ರೇಡಿಯೋ ಸುರುಳಿಗಳ ವಿದ್ಯುತ್ಕಾಂತೀಯ ಮಾದರೀಕರಣ

ಎಂಆರ್‌ಐ ಯಂತ್ರದಲ್ಲಿ ರೋಗಿಯ ದೇಹಕ್ಕೆ ರೇಡಿಯೋ ಸ್ಪಂದಗಳನ್ನು ಕಳುಹಿಸುವ ಮತ್ತು ದೇಹದಿಂದ ಮರಳುವ ಕ್ಷೀಣ ಸಂಕೇತವನ್ನು ಗ್ರಹಿಸುವ ಸಾಧನಕ್ಕೆ ರೇಡಿಯೋ ಸುರುಳಿ ಅಥವಾ ಆರ್‌ಎಫ್ ಕಾಯಿಲ್ ಎಂದು ಹೆಸರು. ಅದು ಉಂಟುಮಾಡುವ ಕಾಂತಕ್ಷೇತ್ರ ಮತ್ತು ವಿದ್ಯುತ್ ಕ್ಷೇತ್ರಗಳನ್ನು ಮ್ಯಾಕ್ಸ್‌ವೆಲ್ ಸಮೀಕರಣಗಳ ಆಧಾರದಿಂದ ಗಣಕದಲ್ಲಿ ಲೆಕ್ಕ ಹಾಕುವುದೇ ವಿದ್ಯುತ್ಕಾಂತೀಯ ಮಾದರೀಕರಣ.

ಅಗತ್ಯ

ಹೈಡ್ರೋಜನ್ ನ್ಯೂಕ್ಲಿಯಸ್‌ನ ಅನುರಣನ ಆವರ್ತನವು ಪ್ರತಿ ಟೆಸ್ಲಾಗೆ ಸುಮಾರು 42.58 ಮೆಗಾಹರ್ಟ್ಸ್. ಆದ್ದರಿಂದ 1.5 ಟೆಸ್ಲಾ ಯಂತ್ರದ ಸುರುಳಿ ಸುಮಾರು 64 ಮೆಗಾಹರ್ಟ್ಸ್‌ನಲ್ಲೂ 3 ಟೆಸ್ಲಾ ಯಂತ್ರದ ಸುರುಳಿ ಸುಮಾರು 128 ಮೆಗಾಹರ್ಟ್ಸ್‌ನಲ್ಲೂ ಕೆಲಸ ಮಾಡುತ್ತದೆ. 128 ಮೆಗಾಹರ್ಟ್ಸ್ ತರಂಗದ ಉದ್ದ ಗಾಳಿಯಲ್ಲಿ 2.3 ಮೀಟರ್‌ನಷ್ಟಿದ್ದರೂ ನೀರಿನಂಶ ಹೆಚ್ಚಿರುವ ಅಂಗಾಂಶದಲ್ಲಿ 25–30 ಸೆಂ.ಮೀ.ಗೆ ಕುಗ್ಗುತ್ತದೆ. ಇದು ಹೆಚ್ಚುಕಡಿಮೆ ಹೊಟ್ಟೆಯ ಅಡ್ಡಳತೆಯೇ ಆಗಿರುವುದರಿಂದ ದೇಹದೊಳಗೆ ತರಂಗಗಳ ವ್ಯತಿಕರಣ ನಡೆದು ಚಿತ್ರದಲ್ಲಿ ಕಪ್ಪು ಪಟ್ಟೆಗಳು ಮೂಡಬಹುದು. ಹೊಟ್ಟೆಯಲ್ಲಿ ನೀರು ತುಂಬಿದ ರೋಗಿಗಳಲ್ಲಿ ಈ ದೋಷ ಎದ್ದು ಕಾಣುತ್ತದೆ.

ಇದಕ್ಕಿಂತ ಗಂಭೀರವಾದದ್ದು ಸುರಕ್ಷತೆಯ ಪ್ರಶ್ನೆ. ಚಿತ್ರಕ್ಕೆ ಬೇಕಾದದ್ದು ಕಾಂತಕ್ಷೇತ್ರ. ಅದರ ಜೊತೆಗೇ ಬರುವ ವಿದ್ಯುತ್ ಕ್ಷೇತ್ರವು ಅಂಗಾಂಶವನ್ನು ಬಿಸಿಮಾಡುತ್ತದೆ. ಒಂದು ಕಿಲೋಗ್ರಾಂ ಅಂಗಾಂಶ ಹೀರುವ ಶಕ್ತಿಯ ದರವನ್ನು 'ಸಾರ್' (ನಿರ್ದಿಷ್ಟ ಹೀರಿಕೆ ದರ) ಎನ್ನುತ್ತಾರೆ. ಅಂತಾರಾಷ್ಟ್ರೀಯ ಮಾನದಂಡದಂತೆ ಸಾಮಾನ್ಯ ಬಳಕೆಯಲ್ಲಿ ಇಡೀ ದೇಹದ ಸರಾಸರಿ ಕಿಲೋಗ್ರಾಂಗೆ 2 ವ್ಯಾಟ್, ತಲೆಯ ಸರಾಸರಿ 3.2 ವ್ಯಾಟ್ ಮೀರಬಾರದು. ಒಟ್ಟು ಶಕ್ತಿಯನ್ನು ಯಂತ್ರ ಅಳೆಯಬಲ್ಲದು. ಆದರೆ ಅದು ಎಲ್ಲಿ ಕೇಂದ್ರೀಕೃತವಾಗಿದೆ ಎಂಬುದನ್ನು ಜೀವಂತ ದೇಹದೊಳಗೆ ನೇರವಾಗಿ ಅಳೆಯುವುದು ಸಾಧ್ಯವಾಗದು. ಆ ಮಾಹಿತಿ ಮುಖ್ಯವಾಗಿ ಮಾದರಿಯಿಂದಲೇ ದೊರೆಯಬೇಕು.

ಪಂಜರ ಸುರುಳಿ

1985ರಲ್ಲಿ ಸೆಸಿಲ್ ಹೇಯ್ಸ್ ಮತ್ತು ಸಹೋದ್ಯೋಗಿಗಳು ವಿವರಿಸಿದ 'ಬರ್ಡ್‌ಕೇಜ್' ಸುರುಳಿಯು ಹೆಸರೇ ಹೇಳುವಂತೆ ಹಕ್ಕಿಯ ಪಂಜರವನ್ನು ಹೋಲುತ್ತದೆ: ಎರಡು ಬಳೆಗಳು, ಅವುಗಳನ್ನು ಜೋಡಿಸುವ ಕಂಬಿಗಳು, ನಡುನಡುವೆ ಕೆಪಾಸಿಟರ್‌ಗಳು. ಕಂಬಿಯಿಂದ ಕಂಬಿಗೆ ವಿದ್ಯುತ್ ಪ್ರವಾಹವು ಸೈನ್ ವಕ್ರದಂತೆ ಬದಲಾದಾಗ ಒಳಗೆ ಬಹುಮಟ್ಟಿಗೆ ಏಕರೂಪದ ಕ್ಷೇತ್ರ ಉಂಟಾಗುತ್ತದೆ. ಖಾಲಿ ಸುರುಳಿಯ ಮಟ್ಟಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ರೋಗಿ ಒಳಗೆ ಮಲಗಿದೊಡನೆ ಕ್ಷೇತ್ರದ ಹಂಚಿಕೆಯೂ ಅನುರಣನ ಆವರ್ತನವೂ ಬದಲಾಗುತ್ತವೆ.

ವಿಧಾನಗಳು

ಹೆಚ್ಚು ಬಳಕೆಯಲ್ಲಿರುವ ವಿಧಾನಗಳಲ್ಲೊಂದು 1966ರಲ್ಲಿ ಕೇನ್ ಯೀ ರೂಪಿಸಿದ ಕ್ರಮವನ್ನು ಆಧರಿಸಿದೆ. ಇದರಲ್ಲಿ ದೇಹ ಮತ್ತು ಸುರುಳಿಯನ್ನು ಪುಟ್ಟ ಘನಗಳಾಗಿ ವಿಭಜಿಸಿ, ಕ್ಷೇತ್ರಗಳನ್ನು ಕಾಲದ ಕಿರು ಹೆಜ್ಜೆಗಳಲ್ಲಿ ಮುಂದುವರಿಸಲಾಗುತ್ತದೆ. ಘನದ ಬದಿ 2 ಮಿ.ಮೀ. ಇದ್ದರೆ ಹೆಜ್ಜೆಯು ಸುಮಾರು 3.85 ಪಿಕೋಸೆಕೆಂಡ್ ಮೀರುವಂತಿಲ್ಲ. ಅಂದರೆ 64 ಮೆಗಾಹರ್ಟ್ಸ್ ತರಂಗದ ಒಂದೇ ಆವರ್ತಕ್ಕೆ ನಾಲ್ಕು ಸಾವಿರ ಹೆಜ್ಜೆಗಳು ಬೇಕು. ಬದಿಯನ್ನು ಅರ್ಧಕ್ಕಿಳಿಸಿದರೆ ಘನಗಳ ಸಂಖ್ಯೆ 8 ಪಟ್ಟು, ಒಟ್ಟು ಗಣನೆ 16 ಪಟ್ಟು ಹೆಚ್ಚುತ್ತದೆ. ವಕ್ರ ಮೇಲ್ಮೈಗಳಿಗೆ ಫೈನೈಟ್ ಎಲಿಮೆಂಟ್ ವಿಧಾನ ಹೆಚ್ಚು ಹೊಂದುತ್ತದೆ. ಕೆಪಾಸಿಟರ್‌ಗಳ ಬೆಲೆ ಬದಲಾದಾಗಲೆಲ್ಲ ಇಡೀ ಗಣನೆಯನ್ನು ಪುನರಾವರ್ತಿಸದಿರಲು, ಅವುಗಳ ಜಾಗದಲ್ಲಿ ಪೋರ್ಟ್‌ಗಳನ್ನಿಟ್ಟು ಶ್ರುತಿ ಹೊಂದಿಸುವ ಕೆಲಸವನ್ನು ಸರ್ಕೀಟ್ ಸಿಮ್ಯುಲೇಟರ್‌ಗೆ ಬಿಡುವುದುಂಟು.

ದೇಹದ ಮಾದರಿಗಳು ಮತ್ತು ಮಿತಿ

ಜ್ಯೂರಿಕ್‌ನ ಐಟಿ'ಐಎಸ್ ಫೌಂಡೇಶನ್‌ನ 'ವರ್ಚುವಲ್ ಫ್ಯಾಮಿಲಿ'ಯ ಡ್ಯೂಕ್ ಮತ್ತು ಎಲ್ಲಾ ಎಂಬ ವಯಸ್ಕ ಮಾದರಿಗಳು ನೈಜ ವ್ಯಕ್ತಿಗಳ ಎಂಆರ್‌ಐ ಚಿತ್ರಗಳಿಂದ ರೂಪುಗೊಂಡವು. ಲೆಕ್ಕದ ಫಲಿತಾಂಶವನ್ನು ಉಪ್ಪುನೀರು ಅಥವಾ ಜೆಲ್ ತುಂಬಿದ ಕೃತಕ ದೇಹದಲ್ಲಿ ಅಳೆದು ತಾಳೆ ನೋಡಲಾಗುತ್ತದೆ. ಆದರೂ ಯಂತ್ರದಲ್ಲಿ ಮಲಗುವ ರೋಗಿ ಡ್ಯೂಕ್ ಅಲ್ಲ; ಮೈಕಟ್ಟು, ಭಂಗಿ, ದೇಹದೊಳಗಿನ ಲೋಹದ ಸಾಧನಗಳು ಬೇರೆಯೇ ಆಗಿರುತ್ತವೆ. ಆದಕಾರಣ ಶಕ್ತಿಯ ಮಿತಿಯನ್ನು ಸುರಕ್ಷತೆಯ ಅಂತರವಿಟ್ಟು ನಿಗದಿಪಡಿಸುತ್ತಾರೆ. ಆ ಅಂತರ ಅತಿಯಾದರೆ ಪರೀಕ್ಷೆಯ ಅವಧಿ ಹೆಚ್ಚುತ್ತದೆ, ಇಲ್ಲವೇ ಚಿತ್ರದ ಗುಣಮಟ್ಟ ಕುಸಿಯುತ್ತದೆ.